ಇಬ್ಬರಿಗೆ ಬಾರ್ಬಡೋಸ್

ಫೋಟೋದಲ್ಲಿ ಎರಡು ಕಿವಿಯೂ ಕಾಣಬೇಕು, ಹಲ್ಲು ಕಾಣಬಾರದು ಎಂದು ಪ್ರವಾಸದ ಸೂಚನೆಯಲ್ಲಿ ಬರೆದಿತ್ತು. ಸ್ಟುಡಿಯೋದವನು ನಟರಾಜನ ಗದ್ದ ಹಿಡಿದು ಅತ್ತ ಒಂದಿಷ್ಟು ಇತ್ತ ಒಂದಿಷ್ಟು ತಿರುಗಿಸಿ, ಕಡೆಗೆ ಬೇಸತ್ತು, “ಏನೋ ತಪ್ಪು ಮಾಡ್ದೋರಂಗೆ ನೋಡ್ಬ್ಯಾಡಿ ಸಾ, ನೆಟ್ಟಗೆ ನೋಡಿ” ಅಂದಿದ್ದ. ತಮಾಷೆಗೆ ಅಂದದ್ದು. ಆದರೆ ಇವತ್ತು ಬೆಳಗ್ಗೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಕೂತು ಲಕೋಟೆಯಿಂದ ಆ ಎಂಟು ಫೋಟೋಗಳನ್ನು ತೆಗೆದು ನೋಡಿದಾಗ ಅವನು ಹೇಳಿದ್ದು ಸರಿಯೇ ಅನ್ನಿಸಿತು. ಎಂಟಕ್ಕೆ ಎಂಟೂ ಪೊಲೀಸ್ ಸ್ಟೇಷನ್ನಿನ ಗೋಡೆಗೆ ಅಂಟಿಸಲು ಲಾಯಕ್ಕಾದ ಮುಖಗಳು. ಬೇಗ ಒಳಗೆ ತುರುಕಿದ. ಪಕ್ಕದಲ್ಲಿ ಹೆಂಡತಿ ಇಂದ್ರಾಣಿ, ತಾನು ಕೆಲಸ ಮಾಡುವ ಅಂಗನವಾಡಿಯ ಹಳೇ ಡೈರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಾರ್ಬಡೋಸಿಗೆ ಏನೇನು ಒಯ್ಯಬೇಕೆಂದು ಪಟ್ಟಿ ಮಾಡುತ್ತಿದ್ದಳು. ಹೊರಡಲು ಇನ್ನೂ ಎರಡು ತಿಂಗಳಿತ್ತು. ಪಟ್ಟಿ ಆಗಲೇ ನಾಲ್ಕನೇ ಪುಟಕ್ಕೆ ಬಂದಿತ್ತು.

“ರೀ, ಅಲ್ಲಿ ಡಿಸೆಂಬರಲ್ಲೂ ಬಿಸ್ಲಂತೆ. ಸ್ವೆಟರ್ ಬೇಡ ಅಲ್ವಾ?”

“ಬೇಡ.”

“ವಿಮಾನದಲ್ಲಿ ಚಳಿ ಆಗುತ್ತಂತೆ. ನಮ್ಮ ಸೂಪರ್‌ವೈಸರ್ ವನಜಾಕ್ಷಿ ಮೇಡಮ್ಮು ಹೇಳಿದ್ರು.”

“ಹಾಗಾದ್ರೆ ತಗೋ.”

“ಒಂದಾ, ಎರಡಾ?”

ನಟರಾಜನಿಗೆ ಇದ್ದಕ್ಕಿದ್ದಂತೆ ರೇಗಿಹೋಯಿತು. ಹೇಗೆ ಕೂತಿದ್ದಾಳೆ ನೋಡು, ಏನೂ ಆಗಿಲ್ಲದವಳ ಹಾಗೆ. ಸ್ವೆಟರ್ ಒಂದೋ ಎರಡೋ ಎಂಬುದೇ ಇವಳ ಪಾಲಿಗೆ ಈ ಲೋಕದ ದೊಡ್ಡ ಸಂಕಟ. ನಂಜನಗೂಡಿನ ಬ್ರ್ಯಾಂಚಿನಲ್ಲಿ ಇವತ್ತು ಹನ್ನೊಂದೂವರೆಗೆ ತನ್ನನ್ನು ಕೂರಿಸಿಕೊಂಡು ಏನು ಕೇಳುತ್ತಾರೆ ಎಂದು ಇವಳಿಗೆ ಗೊತ್ತಿಲ್ಲವೇ? ಪುಟ್ಟಬಸವಯ್ಯನ ಮನೆಯಲ್ಲಿ ಅವತ್ತು ತನ್ನ ಪಕ್ಕದಲ್ಲೇ, ಒಂದೇ ಚಾಪೆಯ ಮೇಲೆ ಕೂತಿದ್ದವಳಲ್ಲವೇ? ಪುಟ್ಟಬಸವಯ್ಯ ಸತ್ತು ಮೂರು ತಿಂಗಳಾಯಿತು. ಈ ಮೂರು ತಿಂಗಳಲ್ಲಿ ಒಂದು ದಿನವಾದರೂ ಬಾಯಿ ಬಿಟ್ಟಳೇ? ಗೊತ್ತಿದ್ದೂ ಸುಮ್ಮನಿದ್ದಾಳೆ, ಸಮುದ್ರದ ಆಸೆಗೆ ಸುಮ್ಮನಿದ್ದಾಳೆ ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಹಾಗೆ ಅಂದುಕೊಂಡಾಗ ಎದೆಯ ಮೇಲಿನ ಭಾರ ಅರ್ಧ ಇಳಿದಂತೆ ಆಗುತ್ತಿತ್ತು. ಇಬ್ಬರು ಹೊತ್ತರೆ ಅರ್ಧ ತಾನೇ.

“ಎರಡು ತಗೋ” ಎಂದ.

ಇಪ್ಪತ್ತೆರಡು ವರ್ಷದಿಂದ ಅವನು ಇನ್ಸೂರೆನ್ಸ್ ಏಜೆಂಟ್. ಮಾರ್ಚ್ ಮೂವತ್ತೊಂದರೊಳಗೆ ಅತಿ ಹೆಚ್ಚು ಪಾಲಿಸಿ ಮಾಡಿಸಿದ ಇಪ್ಪತ್ತು ಮಂದಿಯನ್ನು ಕಂಪನಿ ಪ್ರತಿ ವರ್ಷ ಜೋಡಿಯಾಗಿ ವಿದೇಶಕ್ಕೆ ಕರೆದುಕೊಂಡು ಹೋಗುತ್ತದೆ. ಪ್ರತಿ ವರ್ಷವೂ ಇವನು ಇಪ್ಪತ್ತೈದನೆಯವನೋ ಮೂವತ್ತನೆಯವನೋ ಆಗಿ, ಹೋದವರು ತಂದ ಚಾಕಲೇಟನ್ನು ಬ್ರ್ಯಾಂಚಿನಲ್ಲಿ ನಿಂತು ತಿಂದು ಬರುತ್ತಿದ್ದ. ಈ ಸಲ ಇಪ್ಪತ್ತನೆಯ ಹೆಸರು ಇವನದು. ಕೆರೀಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪ, ಮರಳಿನ ಮೇಲೇ ಕಟ್ಟಿದಂತಿರುವ ಹೋಟೆಲು, ಐದು ದಿನ. ಆ ಹೆಸರನ್ನು ಅವನು ಮೊದಲು ಓದಿದ್ದು ಕ್ಷೌರದಂಗಡಿಯ ಪೇಪರಿನ ಕ್ರೀಡಾಪುಟದಲ್ಲಿ, ಹೊರಗಿನ ಕಲ್ಲಿನ ಮೇಲೆ ನಿಂತು. ಒಳಗೆ ಬೆಂಚು ಖಾಲಿಯಿದ್ದರೂ ತನ್ನ ಕೇರಿಯ ಹುಡುಗರು ಆ ಬೆಂಚಿನ ಮೇಲೆ ಕೂರುವಂತಿರಲಿಲ್ಲ. ಅಲ್ಲಿನ ಆಟಗಾರರ ಮೈಬಣ್ಣ ತನ್ನ ಅಪ್ಪನ ಮೈಬಣ್ಣದಂತೆಯೇ ಇತ್ತು, ಅಪ್ಪನಂತೆಯೇ ಅಗಲ ಭುಜ, ಆದರೆ ಅವರು ತಲೆಯೆತ್ತಿ ನಗುತ್ತಿದ್ದರು. ಅಂಥ ಊರೊಂದು ಇರುವುದಾದರೆ ಒಂದು ಸಲ ನೋಡಬೇಕು ಎಂದು ಅನ್ನಿಸಿದ್ದು ಹನ್ನೆರಡನೇ ವಯಸ್ಸಿನಲ್ಲಿ. ಈಗ ಐವತ್ತೊಂದು. ಇಪ್ಪತ್ತೊಂದನೆಯವನಿಗೂ ಇವನಿಗೂ ಇದ್ದ ಅಂತರ ಒಂದೇ ಒಂದು ಪಾಲಿಸಿ, ಅದು ಪುಟ್ಟಬಸವಯ್ಯನದು.

ಬಸ್ಸು ಬಂತು. ಇಂದ್ರಾಣಿ ಕಿಟಕಿಯ ಪಕ್ಕ ಕೂತಳು. ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿಕೊಂಡು ಬಸ್ಸು ತೆವಳತೊಡಗಿತು. ಅವಳು ಡೈರಿ ಮುಚ್ಚಿ ಇನ್ನೇನೋ ನೆನೆಸಿಕೊಂಡು ನಗುತ್ತಿದ್ದಳು. ಹೋದ ವಾರ ಮೈಸೂರಿನ ದೊಡ್ಡ ಬಟ್ಟೆ ಅಂಗಡಿಗೆ ಹೋಗಿದ್ದರು. ಸೂಚನೆಯಲ್ಲಿ ಈಜುಡುಗೆ ಕಡ್ಡಾಯ ಎಂದಿತ್ತು, ಸೀರೆ ಉಟ್ಟು ಅಲ್ಲಿ ನೀರಿಗೆ ಇಳಿಯುವ ಹಾಗಿಲ್ಲವಂತೆ. ಅಂಗಡಿಯ ಹುಡುಗಿ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾರಿಗೆ ಆಂಟಿ, ಮಗಳಿಗಾ?” ಅಂದಳು. ಇಂದ್ರಾಣಿ, “ಹ್ಞೂಂ, ಮಗಳಿಗೆ. ನನ್ನ ಥರಾನೇ ದಪ್ಪ ಇದ್ದಾಳೆ” ಅಂದಳು. ಅವರಿಗೆ ಮಕ್ಕಳಿಲ್ಲ. ಮೊಣಕಾಲವರೆಗೆ ಬರುವ, ತೋಳಿರುವ ಕಡುನೀಲಿ ಉಡುಪೊಂದನ್ನು ಆರಿಸಿ, ಇಲ್ಲದ ಮಗಳ ಅಳತೆಯನ್ನು ತನ್ನ ಮೈಮೇಲೇ ಹಿಡಿದು ನೋಡಿ, ಬಿಲ್ ಹಾಕಿಸಿದ್ದಳು. ಮೆಟ್ಟಿಲು ಇಳಿಯುವಾಗ ಮಾತ್ರ ಇವನ ಕೈ ಹಿಡಿದುಕೊಂಡಿದ್ದಳು. ಆಗ ನಟರಾಜನಿಗೆ, ಏನೇ ಆಗಲಿ ಇವಳನ್ನು ಆ ನೀರಿಗೆ ಇಳಿಸಿಯೇ ತೀರುತ್ತೇನೆ ಎಂಬ ಹಟ ಬಂದಿತ್ತು. ಹಟ ಬಂದಾಗ ಸಮಾಧಾನವೂ ಆಗಿತ್ತು. ಮಾಡಿದ್ದೆಲ್ಲ ಇವಳಿಗಾಗಿ ಎಂದುಕೊಳ್ಳುವುದು ಎಷ್ಟು ಸಲೀಸು.

ಮಾರ್ಚ್ ಇಪ್ಪತ್ತೆಂಟು. ಸೋಮನಾಥಪುರದ ಆಚೆಗಿನ ಪುಟ್ಟಬಸವಯ್ಯನ ಊರಿಗೆ ಅವನು ಇಪ್ಪತ್ತು ವರ್ಷದಿಂದ ಹೋಗುತ್ತಿದ್ದಾನೆ. ಮೇಲ್ಗೇರಿಯ ಮನೆಗಳಲ್ಲಿ ಜಗಲಿಯ ತನಕ ಅವನ ಜಾಗ. ಅವನು ಬಂದನೆಂದರೆ ಅಂಗಡಿಯಿಂದ ಪೇಪರ್ ಲೋಟ ತರಿಸಿ ಟೀ ಕೊಡುತ್ತಾರೆ, ಮಿಕ್ಕವರಿಗೆ ಸ್ಟೀಲ್ ಲೋಟ. ಯಾರೂ ಏನೂ ಅನ್ನುವುದಿಲ್ಲ, ನಗುನಗುತ್ತಲೇ ಕೊಡುತ್ತಾರೆ, ಇವನೂ ನಗುನಗುತ್ತಲೇ ಕುಡಿಯುತ್ತಾನೆ. ಅವತ್ತು ಅಲ್ಲೇ ಹತ್ತಿರದಲ್ಲಿ ಮದುವೆಯೊಂದಿದ್ದುದರಿಂದ ಇಂದ್ರಾಣಿಯೂ ಸ್ಕೂಟರಿನ ಹಿಂದೆ ಕೂತು ಬಂದಿದ್ದಳು. ತೆಂಗಿನಕಾಯಿ ವ್ಯಾಪಾರದ ಪುಟ್ಟಬಸವಯ್ಯ, ಹಣೆಯ ತುಂಬ ವಿಭೂತಿ, ಜಗಲಿಯ ಮೇಲೆ ಕೂರಲು ಹೋದವನನ್ನು ತಡೆದು, “ಬಿಸ್ಲಲ್ಲಿ ಯಾಕ್ ಕೂತೀರಿ, ಒಳೀಕೆ ಬನ್ನಿ ಸಾ. ಅವ್ವಾರೂ ಬಂದವ್ರೆ” ಅಂದುಬಿಟ್ಟ. ನಟರಾಜ ಹೊಸ್ತಿಲ ಬಳಿ ನಿಂತೇ ಇದ್ದ. ತನ್ನನ್ನೇ ಕರೆದದ್ದೋ, ಯಾರು ಎಂಬುದು ಆತನಿಗೆ ಮರೆತುಹೋಯಿತೋ ಎಂದು ಗಾಬರಿಯಾಗಿ, “ಪರ್ವಾಗಿಲ್ಲ ಸಾಹುಕಾರ್ರೇ, ಇಲ್ಲೇ ತಂಪಾಗದೆ” ಎಂದು ಬೇಡದ ಮಾತೊಂದನ್ನೂ ಆಡಿದ. ಮರೆತಿರಲಿಲ್ಲ. ಪುಟ್ಟಬಸವಯ್ಯನ ಹೆಂಡತಿ ಗುರುಬಸಮ್ಮ ಚಾಪೆ ಹಾಸಿ, ಮನೆಯವರು ಉಣ್ಣುವ ತಟ್ಟೆಗಳನ್ನೇ ಇಟ್ಟು, ಮುದ್ದೆ, ಹಲಸಂದೆಕಾಳು ಬದನೆಕಾಯಿ ಸಾರು ಬಡಿಸಿದಳು. ಇಂದ್ರಾಣಿಗೆ ಎರಡನೇ ಸಲ ಸಾರು ಹಾಕುವಾಗ, “ನಾಚ್ಕಬ್ಯಾಡಿ ಕಣವ್ವ, ಒಟ್ಟೆ ತುಂಬ ಉಣ್ಣಿ” ಅಂದಳು. ನಟರಾಜ ಕಣ್ಣೊರೆಸಿಕೊಂಡ. ಸಾರಿನ ಖಾರ ಎಂದು ನೀರು ಕುಡಿದ.

ತಟ್ಟೆ ಎತ್ತಿದ ಮೇಲೆ ಅಲ್ಲೇ ಫಾರಂ ತುಂಬಲು ಕೂತ. ಏಜೆಂಟರು ಫಾರಂ ತುಂಬುವ ರೀತಿ ಎಲ್ಲ ಕಡೆಯೂ ಒಂದೇ. ಹೆಸರು, ವಯಸ್ಸು, ನಾಮಿನಿ ಕೇಳಿ ಬರೆಯುತ್ತಾರೆ. ಕಾಯಿಲೆಗಳ ಪುಟ ಬಂದಾಗ ಯಾರನ್ನೂ ಏನೂ ಕೇಳುವುದಿಲ್ಲ; ಪೆನ್ನು ತಾನೇ ತಾನಾಗಿ ‘ಇಲ್ಲ’ದ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದುಹೋಗುತ್ತದೆ. ಪಾಲಿಸಿದಾರ ಕೆಳಗೆ ರುಜು ಹಾಕುತ್ತಾನೆ. ಆದರೆ ಪುಟ್ಟಬಸವಯ್ಯ ಕೇಳದೆಯೇ ಹೇಳಿದ. “ಎಲ್ಡು ವರ್ಸದ ಇಂದೆ ಮೈಸೂರಲ್ಲಿ ಎದೆಗೆ ಸ್ಟಂಟ್ ಆಕವ್ರೆ ಸಾ. ಅದ್ನೂ ಬರ್ಕಳಿ. ಆಮ್ಯಾಕೆ ತಕರಾರು ಬ್ಯಾಡ.” ಬಲಗೈ ಚಾಚಿ, ಟ್ಯೂಬು ಹಾಕಿದ ಮಣಿಕಟ್ಟಿನ ಗುರುತನ್ನೂ ತೋರಿಸಿದ. ನಟರಾಜ ಬಗ್ಗಿ ನೋಡಿದ. ‘ಹೌದು’ ಎಂದು ಒಂದು ಕಡೆ ಬರೆದರೆ ಡಾಕ್ಟರ ಪರೀಕ್ಷೆ, ಮೈಸೂರಿನಿಂದ ಒಪ್ಪಿಗೆ, ಹದಿನೈದು ದಿನ. ಮಾರ್ಚ್ ಮುಗಿಯಲು ಇದ್ದದ್ದು ಮೂರೇ ದಿನ. “ಬರ್ಕೊಂಡೆ ಸಾಹುಕಾರ್ರೇ” ಎಂದು, ಪೆನ್ನನ್ನು ಎಂದಿನ ದಾರಿಯಲ್ಲೇ ಇಳಿಸಿದ. ಅನ್ನ ಹಾಕಿದ ಕೈ ಅದರ ಕೆಳಗೆ ರುಜು ಹಾಕಿತು. ಬರುವಾಗ ದಾರಿಯಲ್ಲಿ ಇಂದ್ರಾಣಿ ಹಿಂದಿನಿಂದ ಏನೋ ಕೇಳಿದಳು. ಇವನು ಏನೋ ಹೇಳಿದ. ಎದುರುಗಾಳಿ ಜೋರಾಗಿತ್ತು, ಮದುವೆಯ ಮನೆಗೆ ತಡವೂ ಆಗಿತ್ತು.

ಜುಲೈನಲ್ಲಿ ಪುಟ್ಟಬಸವಯ್ಯ ಲಾರಿಗೆ ಕಾಯಿ ತುಂಬಿಸುತ್ತಿದ್ದವನು ಹಾಗೇ ಕುಸಿದು ಸತ್ತ. ಮಣ್ಣಿಗೆ ನಟರಾಜನೂ ಹೋಗಿದ್ದ. ಸಮಾಧಿಯ ಗುಣಿಯಲ್ಲಿ ಕೂರಿಸಿ ವಿಭೂತಿ ಸುರಿಯುತ್ತಿದ್ದಾಗ ಇವನು ದೂರದ ಹೊಂಗೆಮರದ ಕೆಳಗೆ ನಿಂತಿದ್ದ. ಗುರುಬಸಮ್ಮ ಆ ಗೋಳಿನಲ್ಲೂ ಯಾರನ್ನೋ ಕಳಿಸಿ ಇವನನ್ನು ಹತ್ತಿರಕ್ಕೆ ಕರೆಸಿಕೊಂಡಳು. ಒಂದು ಹಿಡಿ ಮಣ್ಣು ಹಾಕಿಸಿದಳು.

ಬಸ್ಸಿನಲ್ಲಿ ಫೋನು ಬಡಿದುಕೊಂಡಿತು. ರಂಗಸ್ವಾಮಿ, ಇವನ ಮೇಲಿನ ಡೆವಲಪ್‌ಮೆಂಟ್ ಆಫೀಸರು. ನಟರಾಜ ಹೆಂಡತಿಯ ಕಡೆಗೆ ಬೆನ್ನು ತಿರುಗಿಸಿ ಫೋನನ್ನು ಕಿವಿಗೆ ಒತ್ತಿಕೊಂಡ.

“ನಟರಾಜ್, ಒಂದೇ ಒಂದು ಲೈನು. ‘ಪಾಲಿಸಿದಾರರು ತಮ್ಮ ಕಾಯಿಲೆಯನ್ನು ನನಗೆ ತಿಳಿಸಿರಲಿಲ್ಲ.’ ಕೆಳಗೆ ಸೈನು. ಕತೆ ಗಿತೆ ಹೇಳೋಕೆ ಹೋಗ್ಬೇಡಿ.”

“ಆಯಮ್ಮಂಗೆ ಏನೂ ಬರಲ್ವಾ ಸಾರ್?”

“ಕಾಯಿಲೆ ಮುಚ್ಚಿಟ್ಟೋರಿಗೆ ಎಲ್ಲಿ ಬರುತ್ತೆ?”

“ಗೊತ್ತಿತ್ತು ಅಂದ್ರೆ?”

“ಗೊತ್ತಿತ್ತು ಅಂದ್ರೆ ತಪ್ಪು ನಮ್ಮ ಏಜೆಂಟ್ದು ಅಂತ ಕಂಪನಿ ಐದು ಲಕ್ಷ ಕೊಡಬೇಕಾಗುತ್ತೆ. ನಿಮ್ಮ ಲೈಸೆನ್ಸ್ ಅವತ್ತೇ ರದ್ದು. ಬಾರ್ಬಡೋಸ್ ಅಂತೂ ಬಿಡಿ. ಐವತ್ತು ದಾಟಿದ ಮೇಲೆ ಇನ್ನೇನ್ ಮಾಡ್ತೀರಿ, ಬಾಳೆಹಣ್ಣು ಮಾರ್ತೀರಾ? ಸುಮ್ನೆ ಸೈನ್ ಹಾಕಿ ಬನ್ನಿ ಮಾರಾಯ್ರೇ.”

“ಯಾರು?” ಎಂದಳು ಇಂದ್ರಾಣಿ.

“ರಂಗಸ್ವಾಮಿ. ಪೇಪರ್ಸ್ ಮರೀಬೇಡಿ ಅಂದ್ರು.”

ನಂಜನಗೂಡಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಕಪಿಲೆಯಲ್ಲಿ ಮಿಂದು, ಮುಡಿ ಕೊಟ್ಟು, ಬೋಳುತಲೆಗೆ ಗಂಧ ಬಳಿದುಕೊಂಡ ಒಂದು ಸಂಸಾರ ಎದುರಿಗೆ ಬಂತು, ಕೂಸಿನಿಂದ ಅಜ್ಜನವರೆಗೆ ಎಲ್ಲ ತಲೆಗಳೂ ಒಂದೇ ಥರ. ಎಷ್ಟು ನಿರುಮ್ಮಳವಾಗಿ ನಡೆಯುತ್ತಿದ್ದಾರೆ ಎಂದು ನಟರಾಜನಿಗೆ ಹೊಟ್ಟೆಕಿಚ್ಚಾಯಿತು. ಕೂದಲು ಕೊಟ್ಟು ಮುಗಿಸಬಹುದಾದ ತಪ್ಪುಗಳನ್ನಷ್ಟೇ ಮಾಡಿದವರು ಇರಬೇಕು. ಅವನ ಮನೆಯಲ್ಲಿ ದೇವರ ಗೂಡಿಲ್ಲ, ಹಾಲಿನಲ್ಲಿ ಬುದ್ಧನದೊಂದು ಪಟವಿದೆ. ಬುದ್ಧನಿಗೆ ಹರಕೆ ಹೊರುವ ಹಾಗಿಲ್ಲ. ಬುದ್ಧ ಏನನ್ನೂ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಏನನ್ನೂ ಬಿಡುವುದೂ ಇಲ್ಲ. ಆ ಅರೆಗಣ್ಣನ್ನು ತಪ್ಪಿಸಲೆಂದು ಅವನು ಈಚೆಗೆ ಹಾಲಿನಲ್ಲಿ ಕೂರುವುದನ್ನೇ ಬಿಟ್ಟಿದ್ದ.

ಬ್ರ್ಯಾಂಚು ಇದ್ದದ್ದು ಟೈರಿನ ಅಂಗಡಿಯ ಮೇಲೆ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಎದುರಿನ ಬೆಂಚಿನ ಮೇಲೆ ಗುರುಬಸಮ್ಮ ಕೂತಿದ್ದಳು. ಅವಳನ್ನೂ ಇವತ್ತೇ ಕರೆಸಿದ್ದಾರೆಂದು ಯಾರೂ ಹೇಳಿರಲಿಲ್ಲ. ಬೋಳು ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮಡಿಲಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸಾವಿನ ಸರ್ಟಿಫಿಕೇಟು. ಇವರನ್ನು ಕಂಡದ್ದೇ ಬೆಂಚಿನ ತುದಿಗೆ ಸರಿದು ಜಾಗ ಮಾಡಿದಳು.

“ಬನ್ನಿ ಸಾ. ಬಾರವ್ವ ಇಂದ್ರಾಣವ್ವ. ನೀವಿದ್ದೀರಲ್ಲ, ಜೀವ ಬಂತು ನಂಗೆ.”

“ಒಬ್ಬರೇ ಬಂದ್ರಾ?” ಎಂದು ಇಂದ್ರಾಣಿ ಅವಳ ಕೈ ಹಿಡಿದುಕೊಂಡು ಕೂತಳು.

“ಮೈದ ಬತ್ತೀನಿ ಅಂದ. ನಾನೇ ಬ್ಯಾಡ ಅಂದೆ. ಲಾರಿ ಅವ್ನೇ ಇಟ್ಕಂಡವ್ನೆ, ತೋಟನೂ ಅವ್ನೇ ನೋಡ್ಕತಾನಂತೆ. ಉಪ್ಪು ಬೇಕಾದ್ರೂ ಅವ್ನ ಕೈ ನೋಡ್ಬೇಕು ನಾನು. ಈ ದುಡ್ಡೊಂದು ಬಂದ್ರೆ ಎಲ್ಡು ಎಮ್ಮೆ ಕಟ್ಕಂಡು ನನ್ನ ಪಾಡಿಗೆ ನಾನಿದ್ದೇನು.” ಆಮೇಲೆ ಅವಳು ನಟರಾಜನ ಕಡೆ ತಿರುಗಿ ದನಿ ತಗ್ಗಿಸಿದಳು. “ಸಮುದ್ರ ನೋಡಕ್ಕೆ ಓಯ್ತೀರಂತಲ್ಲ ಸಾ, ದೂರದ್ದು. ಊರಲ್ಲೆಲ್ಲ ಯೋಳ್ತಾವ್ರೆ. ಅಲ್ಲಿ ಮುಳುಗಾಗ ಇವ್ರ ಎಸ್ರಲ್ಲೂ ಒಂದ್ ಮುಳ್ಗು ಆಕ್ಬುಡಿ. ಪಾಪ, ಸಮುದ್ರ ನೋಡ್ನಿಲ್ಲ ಅವ್ರು. ಒಂದ್ಸಲ ರಾಮೇಶ್ವರಕ್ಕೆ ಓಗಾವ ಅಂತಿದ್ರು.”

ಸಂಗಮಕ್ಕೆ ಹೋದವರೆಲ್ಲ ಹಾಗೆ ಮಾಡುತ್ತಾರೆ, ಬರಲಾಗದವರ ಹೆಸರು ಹೇಳಿ ಒಂದು ಮುಳುಗು. ಆ ನೀರು ಆ ದೇವರದಲ್ಲ, ಅಲ್ಲಿ ಜನ ಮುಳುಗುವುದು ಪುಣ್ಯಕ್ಕಲ್ಲ ಎಂದು ನಟರಾಜ ಹೇಳಬೇಕೆಂದುಕೊಂಡ. “ಆಯ್ತು ಕಣಮ್ಮ” ಎಂದ. ಹೆಸರು ಹೇಳಿ ಮುಳುಗಿದರೆ ಮತ್ತೆ ಮೇಲೆ ಏಳಲು ಆಗುತ್ತದೆಯೇ ತನಗೆ? ಇಂದ್ರಾಣಿ ಲಕೋಟೆ ತೆಗೆದುಕೊಂಡು ಪ್ರವಾಸದ ಕಾಗದಗಳನ್ನು ಕೊಡಲು ಕೌಂಟರಿಗೆ ಹೋದಳು. ಒಳಗಿನ ಕೋಣೆಯಿಂದ ನಟರಾಜ, ಗುರುಬಸಮ್ಮ ಇಬ್ಬರ ಹೆಸರನ್ನೂ ಕೂಗಿದರು.

ಕಂಪನಿಯಿಂದ ತನಿಖೆಗೆ ಬಂದ ಅಮೃತೇಶ್ ಮೂವತ್ತು ದಾಟದ ಹುಡುಗ, ಅಚ್ಚುಕಟ್ಟು. ಬಾಗಿಲನ್ನು ತೆರೆದೇ ಇಟ್ಟು, ಗುರುಬಸಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ಮೆಲ್ಲಗೆ ಕೇಳುತ್ತಾ ಹೋದ. ಆಸ್ಪತ್ರೆಯ ಕಾಗದಗಳು ಅವನ ಮುಂದೆಯೇ ಇದ್ದವು, ಸ್ಟೆಂಟ್ ಹಾಕಿದ ತಾರೀಖು ಕೆಂಪು ಗೆರೆಯೊಳಗೆ. ಅದರ ಪಕ್ಕದಲ್ಲಿ ನಟರಾಜನ ಅಕ್ಷರದ ಫಾರಂ.

“ಈಗ ಇದೊಂದು ಮುಖ್ಯ, ಯೋಚನೆ ಮಾಡಿ ಹೇಳಿ ಅಮ್ಮ. ಫಾರಂ ತುಂಬೋ ದಿನ ಹಾರ್ಟ್ ವಿಷಯ ಈ ಏಜೆಂಟ್‌ಗೆ ಹೇಳಿದ್ರಾ?”

ಗುರುಬಸಮ್ಮ ನಟರಾಜನ ಮುಖ ನೋಡಿದಳು. ಅವನು ಆ ನೋಟವನ್ನು ಎದುರಿಸಲಾರದೆ ಮೇಜಿನ ಮೇಲಿನ ಪಿನ್ನಿನ ಡಬ್ಬಿಯನ್ನು ನೋಡತೊಡಗಿದ. ಹೇಳುತ್ತಾಳೆ, ಈಗ ಹೇಳುತ್ತಾಳೆ. ಹೇಳಿಬಿಡಲಿ. ತಾನು ಏನೂ ಮಾಡದೆ, ಮಾಡಬೇಕಾದ್ದು ಆಗಿಹೋಗಲಿ. ಒಂದು ಗಳಿಗೆ ಅವನಿಗೆ ಇನ್ನಿಲ್ಲದ ಹಗುರವೆನಿಸಿತು.

“ಇಲ್ಲ ಸಾ” ಎಂದಳು ಅವಳು. “ಅವ್ರಿಗೇನೂ ಗೊತ್ತಿಲ್ಲ. ನಾವು ಯೋಳ್ನಿಲ್ಲ. ಅವ್ರ ಮ್ಯಾಲೇನೂ ಬರ್ಕಬ್ಯಾಡಿ, ಬಾಳ ಒಳ್ಳೇವ್ರು.”

ಅಮೃತೇಶ್ ಬರೆದುಕೊಂಡ. ಓದಿ ಹೇಳಿದ. ಅವಳು ನಿಧಾನವಾಗಿ, ಸ್ಲೇಟಿನ ಮೇಲೆ ತಿದ್ದುವಂತೆ, ರುಜು ಹಾಕಿದಳು. “ನಿಮ್ಮದು ಸಲೀಸಾಯ್ತಲ್ಲ ಸಾರ್” ಎಂದು ಅವನು ನಟರಾಜನ ಮುಂದೆ ಒಂದು ಬಿಳಿ ಹಾಳೆ ಸರಿಸಿದ. “ನೀವೂ ಒಂದು ಲೈನ್ ಬರೆದು ಕೊಡಿ, ಮುಗೀತು.” ನಟರಾಜ ಪೆನ್ನಿನ ಮುಚ್ಚಳ ತೆಗೆದ. ಇದಕ್ಕಿಂತ ಇನ್ನೇನು ಬೇಕು? ಯಾರೂ ಬಲವಂತ ಮಾಡಿಲ್ಲ, ಅವಳೇ ಹೇಳಿದ್ದಾಳೆ, ಅವಳದೇ ರುಜು. ಕಾನೂನಿನ ಪ್ರಕಾರ ಈಗ ನಿಜವೆಂದರೆ ಇದೇ. ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದ. “ಎರಡು ನಿಮಿಷ ಸಾರ್” ಎಂದು ಎದ್ದು, ಗುರುಬಸಮ್ಮನಿಗೆ ಸನ್ನೆ ಮಾಡಿ, ಹೊರಗೆ ಮೆಟ್ಟಿಲಿನ ಬಾಯಿಗೆ ಬಂದ.

“ಯಾಕಮ್ಮ ಹಾಗೆ ಹೇಳಿದ್ರಿ? ನಿಮ್ಮ ಯಜಮಾನ್ರು ನನಗೆ ಹೇಳಿದ್ರಲ್ಲ.”

“ಗೊತ್ತು ಸಾ. ನಾನೂ ಅಲ್ಲೇ ಇದ್ನಲ್ಲ. ನಿಮ್ ಕಡೆ ಬೊಟ್ಟು ಮಾಡಿ ಕೇಳ್ತಾವ್ನೆ ಅಂದ್ರೆ ನಿಮ್ಮನ್ನೇ ಸಿಕ್ಕುಸಕ್ಕೆ ತಾನೆ? ನಿಮ್ಮನ್ನ ಯಾಕೆ ಸಿಕ್ಕುಸ್ಲಿ? ನಮ್ಮನೇಲಿ ಉಂಡೋರು.”

“ಅಯ್ಯೋ, ನೀವು ಹಾಗಂದ್ರೆ ದುಡ್ಡು ಬರಲ್ಲ ಕಣಮ್ಮ. ಪೂರ್ತಿ ಹೋಗುತ್ತೆ.”

“ದುಡ್ಡು ಕೊಡೋದು ಕಂಪ್ನಿ ಅಲ್ವಾ ಸಾ? ಅದ್ಕೂ ಇದ್ಕೂ ಏನು?”

“ಈಗಲೇ ಒಳಗೆ ಹೋಗಿ. ಹೇಳಿದ್ವಿ, ಇವರೇ ಬರೀಲಿಲ್ಲ ಅಂತ ಹೇಳಿ. ಹೋಗಿ.”

ಗುರುಬಸಮ್ಮ ಕದಲಲಿಲ್ಲ. ಅವಳ ಮುಖದಲ್ಲಿ ಮೊದಲ ಸಲ ಏನೋ ಬಿಗಿಯಾಯಿತು. “ಬರೀನಿಲ್ವಾ ನೀವು?” ಎಂದಳು. ಕೆಳಗೆ ಟೈರಿಗೆ ಗಾಳಿ ತುಂಬುವ ಮಷೀನು ಕಿವಿಗಡಚಿಕ್ಕುತ್ತಿತ್ತು. ಅದು ನಿಲ್ಲುವವರೆಗೆ ಕಾದು ಅವಳು ಹೇಳಿದಳು: “ಈಗ ತಾನೆ ಒಂದ್ ಯೋಳಿ ರುಜು ಆಕ್ದೆ. ಅದ್ರ ಮ್ಯಾಲೇ ಇನ್ನೊಂದ್ ಯೋಳ್ಳಾ? ಬರ್ಕಳೋ ಕೆಲ್ಸ ನಿಮ್ದು. ಯೋಳೋದೂ ನೀವೇ ಯೋಳಿ ಸಾ.”

ಇಷ್ಟು ಸರಳವಾದ ಮಾತಿಗೆ ಮೂರು ತಿಂಗಳು ಬೇಕಾಯಿತೇ? ನಾಚಿಕೆಯಿಂದ ಅವನ ಕಿವಿಯ ತುದಿಗಳು ಸುಟ್ಟವು. ಗಂಡ ಸತ್ತ ಹೆಂಗಸಿನ ಬಾಯಿಂದ ತನ್ನ ತಪ್ಪನ್ನು ಒಪ್ಪಿಸಲು ಹೊರಟಿದ್ದೆನಲ್ಲ. ಕೋಣೆಗೆ ವಾಪಸು ನಡೆದ. ಕೂರಲಿಲ್ಲ, ನಿಂತೇ ಹೇಳಿದ: “ಸಾರ್, ಪುಟ್ಟಬಸವಯ್ಯನವರು ಹೇಳಿದ್ರು. ಸ್ಟೆಂಟ್ ಹಾಕಿದ್ದು, ಎರಡು ವರ್ಷದ ಹಿಂದೆ ಅನ್ನೋದು, ಎಲ್ಲಾ ಹೇಳಿದ್ರು. ಬರ್ಕೊಳ್ಳಿ ಅಂತಾನೂ ಅಂದ್ರು. ನಾನೇ ಬರೀಲಿಲ್ಲ. ಮಾರ್ಚ್ ಟಾರ್ಗೆಟ್ಟಿತ್ತು.”

ಅಮೃತೇಶ್ ಅವನನ್ನು ನೋಡಿದ, ಬಾಗಿಲಲ್ಲಿ ನಿಂತ ಗುರುಬ‌ಸಮ್ಮನನ್ನು ನೋಡಿದ, ಕುರ್ಚಿಗೆ ಒರಗಿ ನಕ್ಕುಬಿಟ್ಟ. ಒರಟು ನಗೆಯಲ್ಲ, ಇಂಥದ್ದನ್ನು ದಿನಾ ನೋಡುವವನ ನಗೆ. “ಎರಡು ನಿಮಿಷ ಹೊರಗೆ ಹೋಗಿ ಬಂದ್ರಿ, ಕತೆ ಬದಲಾಯ್ತು. ಎಷ್ಟಕ್ಕೆ ಮಾತಾಯ್ತು ಸಾರ್? ಅರ್ಧ ನಿಮಗಾ?”

“ಇಲ್ಲ ಸಾರ್, ನಂಬಿ.”

“ಯಾವುದನ್ನ ನಂಬ್ಲಿ? ಆಯಮ್ಮ ರುಜು ಹಾಕಿದ್ದನ್ನೋ, ನೀವು ಈಗ ಹೇಳ್ತಿರೋದನ್ನೋ?”

ಇಪ್ಪತ್ತೆರಡು ವರ್ಷ ನಟರಾಜ ಬರೆದ ಸುಳ್ಳನ್ನೆಲ್ಲ ಈ ಆಫೀಸು ಕಣ್ಣು ಮುಚ್ಚಿ ನಂಬಿತ್ತು. ಒಂದು ನಿಜ ಹೇಳಿದರೆ ಕಾಸಿಗೆ ಕೈಚಾಚಿದ ಎನ್ನುತ್ತಿದೆ. “ನಾನು ತಪ್ಪು ಮಾಡಿದ್ದೀನಿ ಸಾರ್” ಎಂದು ಅವನು ಬೇಡಿದ. ಬೇಡುತ್ತಿರುವುದು ಏನನ್ನು ಎಂದು ಆಗ ಅರಿವಾಯಿತು.

“ಸರಿ, ಅವತ್ತು ನಿಮ್ಮಿಬ್ಬರನ್ನ, ಆ ತೀರ್ಕೊಂಡೋರನ್ನ ಬಿಟ್ಟು ಇನ್ಯಾರಾದ್ರೂ ಇದ್ರಾ ಅಲ್ಲಿ?”

ಇದ್ದರು. ಹೆಸರು ನಾಲಗೆಯ ಮೇಲೆ ಬಂದು ನಿಂತಿತು. ಅವಳನ್ನು ಇದಕ್ಕೆ ಎಳೆಯಬೇಕೇ? ಕಡುನೀಲಿ ಉಡುಪು ಕಪಾಟಿನಲ್ಲಿದೆ, ಬೆಲೆಯ ಚೀಟಿಯನ್ನೂ ಹರಿದಿಲ್ಲ. ಅವಳು ಒಲ್ಲೆನೆಂದರೆ? ಅವಳು ಸುಮ್ಮನಿದ್ದದ್ದು ಸುಮ್ಮನಿರಲಿಕ್ಕೇ ಅಲ್ಲವೇ? “ಯಾರೂ...” ಎಂದು ಶುರುಮಾಡಿದ.

“ನಾನಿದ್ದೆ ಸಾರ್.”

ಇಂದ್ರಾಣಿ ಗುರುಬಸಮ್ಮನ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಪ್ರವಾಸದ ಕಾಗದಗಳನ್ನು ತೆಗೆದುಕೊಂಡಿದ್ದಕ್ಕೆ ಕೊಟ್ಟ ರಸೀತಿ. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಗುರುಬಸಮ್ಮನನ್ನು ದಾಟಿ ಒಳಗೆ ಬಂದು, ಅಂಗನವಾಡಿಗೆ ಮೇಲಿನವರು ಬಂದಾಗ ನಿಲ್ಲುವ ಹಾಗೆ ಕೈಕಟ್ಟಿ ನಿಂತು ಹೇಳತೊಡಗಿದಳು. ಅವರ ಮನೆಯಲ್ಲಿ ಊಟ ಮಾಡಿದ್ದು. ತಟ್ಟೆ ಎತ್ತಿದ ಮೇಲೆ ಫಾರಂ ತುಂಬಿದ್ದು. ಪುಟ್ಟಬಸವಯ್ಯನವರು ಬಲಗೈ ಚಾಚಿ ಮಣಿಕಟ್ಟು ತೋರಿಸಿದ್ದು, ಅಲ್ಲಿ ಕಡಲೆಕಾಳಿನಷ್ಟು ಗುರುತಿದ್ದದ್ದು. ಆಸ್ಪತ್ರೆಯ ಕಾಗದದ ಮೇಲೆ ಬೆರಳಿಟ್ಟು ಅಮೃತೇಶ್ ಏನನ್ನೋ ಹುಡುಕಿದ. ಬಲ ಮಣಿಕಟ್ಟಿನ ಮೂಲಕ ಎಂದೇ ಅಲ್ಲಿತ್ತು. ಅವನ ಮುಖದಿಂದ ನಗೆ ಹೋಯಿತು.

“ಇದನ್ನ ಬರೆದು ಕೊಟ್ರೆ ನಿಮ್ಮ ಯಜಮಾನ್ರ ಕೆಲಸ ಹೋಗುತ್ತೆ. ಗೊತ್ತಲ್ವಾ ಮೇಡಂ?”

“ಗೊತ್ತಾಯ್ತು ಸಾರ್, ಈಗ.”

“ಅಂದ್ರೆ ಫಾರಂನಲ್ಲಿ ಬರೆದಿಲ್ಲ ಅನ್ನೋದು ನಿಮಗೂ ಮೊದಲೇ ಗೊತ್ತಿತ್ತು.”

“ಇಲ್ಲ ಸಾರ್.” ಅವಳು ಅಮೃತೇಶನನ್ನೇ ನೋಡುತ್ತಿದ್ದಳು, ಗಂಡನ ಕಡೆಗೆ ಕತ್ತು ತಿರುಗಿಸಲಿಲ್ಲ. “ಬರ್ತಾ ದಾರೀಲಿ ಕೇಳ್ದೆ, ಅವರ ಎದೆ ಕಾಯಿಲೆ ಬರ್ಕೊಂಡ್ರಾ ಅಂತ. ಬರ್ದಿದ್ದೀನಿ ಅಂದ್ರು. ನಾನು ನಂಬ್ದೆ.”

ಎದುರುಗಾಳಿ ಅಷ್ಟೇನೂ ಜೋರಾಗಿರಲಿಲ್ಲ. ಅವಳ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತ್ತು, ಇವನ ಉತ್ತರವೂ ಸ್ಪಷ್ಟವಾಗಿಯೇ ಇತ್ತು. ಮೂರು ತಿಂಗಳು ಅವಳು ಯಾವ ಭಾರದ ಅರ್ಧವನ್ನೂ ಹೊತ್ತಿರಲಿಲ್ಲ. ಸ್ವೆಟರು ಒಂದೋ ಎರಡೋ ಎಂದು ನಿಜಕ್ಕೂ ಯೋಚಿಸುತ್ತಿದ್ದಳು.

ಅಮೃತೇಶ್ ನಟರಾಜನ ಮುಂದಿದ್ದ ಬಿಳಿ ಹಾಳೆಯನ್ನೇ ತೆಗೆದು ಅವಳ ಮುಂದಿಟ್ಟ. ಗುರುಬಸಮ್ಮ ಕುರ್ಚಿಯನ್ನು ಎಳೆದು ಕೊಟ್ಟಳು. ಇಂದ್ರಾಣಿ ರಸೀತಿಯನ್ನು ಮೇಜಿನ ಮೇಲಿಟ್ಟು, ಕೂತು, ಮಕ್ಕಳ ಹಾಜರಿ ಬರೆಯುವ ದುಂಡು ಅಕ್ಷರದಲ್ಲಿ ಏಳೆಂಟು ಸಾಲು ಬರೆದಳು. ಎಲ್ಲೂ ಹೊಡೆದು ಹಾಕಲಿಲ್ಲ. ಕೆಳಗೆ ಸಹಿ ಮಾಡಿ, ಪೆನ್ನು ಎತ್ತಿ, “ಇವತ್ತು ಎಷ್ಟನೇ ತಾರೀಖು?” ಎಂದಳು.

“ಹದಿನಾಲ್ಕು” ಎಂದ ನಟರಾಜ.

ಅವಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಅಮೃತೇಶ್ ಗೋಡೆಯ ಕ್ಯಾಲೆಂಡರ್ ನೋಡಿ, “ಹದಿನಾಲ್ಕು ಮೇಡಂ” ಅಂದ ಮೇಲೆ ಬರೆದಳು.